ಕೊಯ್ಯದೆ ಬಿಟ್ಟ ಗಿಡ

ಬೆಳಗಿನ ಒಗ್ಗರಣೆಗೆ ತೆಗೆಯುವ ಡಬ್ಬಿಯ ಅರ್ಧದಷ್ಟು ಬಟ್ಟಲುಗಳಲ್ಲಿ ಇರುವುದು ಜೀವ. ಸಾಸಿವೆ, ಮೆಂತೆ, ಎಳ್ಳು, ಓಮ, ಇಡಿ ಕೊತ್ತಂಬರಿ ಎಲ್ಲವೂ ಒಂದು ಹಿಡಿ ಮಣ್ಣು, ಒಂದಿಷ್ಟು ನೀರು ಸಿಕ್ಕರೆ ಎದ್ದು ನಿಲ್ಲುವಂಥವು. ಪಕ್ಕದ ಬಟ್ಟಲಿನ ಉದ್ದಿನಬೇಳೆ, ಕಡಲೆಬೇಳೆ ಏಳುವುದಿಲ್ಲ. ಒಡೆದು ಸಿಪ್ಪೆ ಬಿಡಿಸಿದ ದಿನವೇ ಅವುಗಳ ಆಟ ಮುಗಿದಿದೆ. ಜೀರಿಗೆಯ ವಿಷಯ ಹೇಳುವ ಹಾಗಿಲ್ಲ. ಮೊಳೆತರೂ ಕರಾವಳಿಯ ಸೆಕೆ ಅದಕ್ಕೆ ಒಗ್ಗುವುದಿಲ್ಲ. ಬದುಕಿರುವವೂ ಬದುಕು ಮುಗಿಸಿದವೂ ಒಂದೇ ಮುಚ್ಚಳದ ಕೆಳಗೆ ಅಕ್ಕಪಕ್ಕ ಕೂತಿರುತ್ತವೆ. ದಿನಾ ಕೈ ಹಾಕುವ ನಮಗೆ ಅದು ಹೊಳೆಯುವುದೇ ಇಲ್ಲ. ಸಾಮಾನು ಮುಗಿಯಿತೋ ಇಲ್ಲವೋ, ಅಷ್ಟೇ ನಮ್ಮ ಲೆಕ್ಕ.

ಅದೇ ಸಾಲಿನ ಕಾಳುಮೆಣಸನ್ನು ನೋಡಿ. ಶರಾವತಿಯ ದಂಡೆಯ ಗೇರುಸೊಪ್ಪೆಯಿಂದ 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಹೊನ್ನಾವರ, ಭಟ್ಕಳದ ಬಂದರುಗಳಿಂದ ಹಡಗು ತುಂಬಿ ಮೆಣಸು ಸಮುದ್ರ ದಾಟಿತು. ಅಷ್ಟೊಂದು ಹೊತ್ತುಕೊಂಡು ಹೋದವರ ನಾಡಿನಲ್ಲಿ ಅದರ ಒಂದು ಕಾಳೂ ಮೊಳೆತಿರಲಿಕ್ಕಿಲ್ಲ. ಹಣ್ಣಾಗುವ ಮೊದಲೇ ಕೊಯ್ದು ಕಪ್ಪಾಗುವಷ್ಟು ಬಿಸಿಲಿಗೆ ಹಾಕಿದ ಮೇಲೆ ಮೆಣಸಿನಲ್ಲಿ ಖಾರ ಉಳಿಯುತ್ತದೆ, ಜೀವ ಉಳಿಯುವುದಿಲ್ಲ. ನಮ್ಮ ತೋಟಗಳಲ್ಲೂ ಮೆಣಸಿನ ಬಳ್ಳಿ ಮುಂದುವರಿಯುವುದು ಬಳ್ಳಿಯ ತುಂಡಿನಿಂದಲೇ.

ಡಬ್ಬಿಯೊಳಗಿನ ಈ ಭೇದ ನಮ್ಮ ಮನೆಯಲ್ಲಿ ಬೆಳಕಿಗೆ ಬಂದದ್ದು ಮಕ್ಕಳಿಂದ. ಅಣ್ಣನ ಮಗಳು ಕೂಸು ಎರಡಂಕಿಯ ವಯಸ್ಸಿನ ಹೊಸ್ತಿಲಲ್ಲಿದ್ದಾಳೆ. ಅವಳ ತಮ್ಮ ಮಾಣಿ ಅಂಗನವಾಡಿಯಿಂದ ಈಗಷ್ಟೇ ಹೊರಬಿದ್ದವನು. ಸೊಪ್ಪಿನ ಗಿಡ ಮಾಡೋಣ ಎಂದಾಗ ಇಬ್ಬರೂ ಅಂಗಡಿಯ ಬೀಜ ಕೇಳಲಿಲ್ಲ, ನೇರ ಒಗ್ಗರಣೆ ಡಬ್ಬಿಗೇ ಕೈ ಹಾಕಿದರು. ಅದು ಒಳ್ಳೆಯದೇ ಆಯಿತು. ಅಂಗಡಿಯ ಪೊಟ್ಟಣದ ಕೊತ್ತಂಬರಿಗೆ ಎಷ್ಟೋ ಸಲ ಗುಲಾಬಿ ಬಣ್ಣದ ಔಷಧಿ ಹಚ್ಚಿರುತ್ತಾರೆ, ಬೂಸ್ಟು ಬಾರದಿರಲಿ ಎಂದು. ಮಕ್ಕಳ ಬೆರಳು ಬಾಯಿಗೆ ಹೋಗುವ ದಾರಿ ಬಹಳ ಹತ್ತಿರದ್ದು, ಅಂಥ ಬೀಜ ಅವರ ಕೈಗೆ ಕೊಡಬಾರದು. ಡಬ್ಬಿಯದಾದರೆ ಭಯವಿಲ್ಲ. ಎಲ್ಲ ಬಟ್ಟಲಿನಿಂದಲೂ ಒಂದೊಂದು ಚಿಟಿಕೆ ಎಂದು ತೀರ್ಮಾನವಾಯಿತು. ಬೇಳೆ ಬಂತು, ಮೆಣಸು ಬಂತು. ಮಾಣಿ ಒಂದು ತೆಂಗಿನ ಗೆರಟೆಯಲ್ಲಿ ಉಪ್ಪನ್ನೂ ಬಿತ್ತಿದ. ನಾನು ಬೇಡ ಎನ್ನಲಿಲ್ಲ. ಯಾವುದು ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಬಿತ್ತುವ ಕೆಲಸ ಬರೀ ಕೂಲಿಯಾಗುತ್ತದೆ.

ಬಿತ್ತುವ ಹೊತ್ತು ಮಾತ್ರ ನಮ್ಮ ಕಡೆ ಯಾರ ಮರ್ಜಿಯದೂ ಅಲ್ಲ. ಭಟ್ಕಳದಿಂದ ಕುಮಟಾದವರೆಗಿನ ಈ ಪಟ್ಟಿಯಲ್ಲಿ ಮಳೆಗಾಲವೆಂದರೆ ಮೂರು ಮೀಟರಿಗೂ ಮಿಕ್ಕಿ ನೀರು ಆಕಾಶದಿಂದ ಇಳಿಯುವ ಕಾಲ. 2022ರ ಆಗಸ್ಟ್ ಮೊದಲಲ್ಲಿ ಭಟ್ಕಳದಲ್ಲಿ ಒಂದು ದಿನದೊಳಗೆ 500 ಮಿಲಿಮೀಟರಿಗೂ ಹೆಚ್ಚು ಸುರಿದು, ಗುಡ್ಡ ಜರಿದು ಜನರೇ ಹೋದರು. ಅಂಥ ಆಷಾಢ, ಶ್ರಾವಣದಲ್ಲಿ ಎಳೆಯ ಮೊಳಕೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತದೆ, ಉಳಿದದ್ದು ಬಸವನಹುಳಕ್ಕೆ. ಹಾಗಾಗಿ ನಮ್ಮಲ್ಲಿ ಬಿತ್ತನೆ ದೀಪಾವಳಿ ಮುಗಿದ ಮೇಲೆ. ಬೆಳಗ್ಗೆ ಅಂಗಳದಲ್ಲಿ ಇಬ್ಬನಿ, ಹಗಲು ಹದವಾದ ಬಿಸಿಲು, ಬಾವಿಯಲ್ಲಿ ಕೈಗೆಟುಕುವಷ್ಟು ನೀರು. ಮಣ್ಣಿನ ವಿಷಯದಲ್ಲಿ ಊರೂರಿಗೆ ವ್ಯತ್ಯಾಸ ಇದೆ. ಕಾಸರಕೋಡ, ಧಾರೇಶ್ವರ, ಮುರ್ಡೇಶ್ವರದ ಕಡಲಂಚಿನ ಮನೆಗಳಿಗೆ ಬರೀ ಮರಳು; ಅಲ್ಲಿಂದ ಸ್ವಲ್ಪ ಒಳಗೆ ಬಂದರೆ ಚೀರೆಕಲ್ಲಿನ ಕೆಂಪು ಮಣ್ಣು, ಒಣಗಿದರೆ ಗಟ್ಟಿ, ನೆನೆದರೆ ಅಂಟು. ಎರಡನ್ನೂ ಬೆರೆಸಿ ಹಳೇ ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿದರೆ ಯಾವ ಪೇಟೆಯ ಮಿಶ್ರಣವೂ ಬೇಡ. ಪಾತ್ರೆಗೆ ಗೆರಟೆ, ಎಣ್ಣೆಯ ಹಳೇ ಡಬ್ಬ, ಸಾಮಾನು ತಂದ ಪ್ಲಾಸ್ಟಿಕ್ ಕೊಟ್ಟೆ ಯಾವುದಾದರೂ ಆದೀತು. ತಳದ ತೂತಿಗೆ ಒಂದು ಚಿಪ್ಪಿ ಬೋರಲು ಹಾಕಿದರೆ ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ.

ಮೊದಲು ಎದ್ದದ್ದು ಸಾಸಿವೆ. ಎರಡು ದಿನಕ್ಕೇ ಕರಿಯ ಸಿಪ್ಪೆ ಬಿರಿದು ಬಿಳಿಯ ಬೇರು, ಮಾರನೆಯ ದಿನ ನಡುವೆ ಕಚ್ಚು ಬಿದ್ದ ಎರಡು ಪುಟಾಣಿ ಎಲೆ. ಮೆಂತೆಯದ್ದು ಬೇರೆ ಗತ್ತು. ರಾತ್ರಿ ನೆನೆಸಿಟ್ಟಿದ್ದರಿಂದ ಬೇರು ಬೇಗ ಬಂತು, ಆದರೆ ಮೇಲೇಳುವಾಗ ಅದು ನೆಟ್ಟಗೆ ಏಳುವುದಿಲ್ಲ. ಕುತ್ತಿಗೆ ಬಗ್ಗಿಸಿ, ಬೆನ್ನಿನಿಂದ ಮಣ್ಣನ್ನು ಒತ್ತಿ ಬಿರುಕು ಮಾಡಿ, ಆಮೇಲೆ ತಲೆಯನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಎಳೆಯ ತುದಿ ಮಣ್ಣಿಗೆ ಉಜ್ಜಿ ಗಾಯವಾಗದಿರಲಿ ಎಂಬ ಏರ್ಪಾಡು. ತಲೆ ಮೇಲೆ ಬಂದ ಮೇಲೂ ಕೆಲವಕ್ಕೆ ಹಳದಿ ಸಿಪ್ಪೆ ಟೊಪ್ಪಿಗೆಯಾಗಿ ಉಳಿದಿರುತ್ತದೆ. ಅದನ್ನು ಬೆರಳಿನಿಂದ ತೆಗೆಯಲು ಹೋದರೆ ಎಲೆಯೂ ಬರುತ್ತದೆ. ಕೂಸು ಒಂದನ್ನು ತೆಗೆದು ಎರಡೂ ಎಲೆ ಕೈಗೆ ಬಂದದ್ದನ್ನು ನೋಡಿ, ಉಳಿದವಕ್ಕೆ ಬರೀ ನೀರು ಚಿಮುಕಿಸಿ ಸುಮ್ಮನಾದಳು. ಮೊದಲ ಎರಡು ಎಲೆ ಉದ್ದ ಗುಂಡು, ಆಮೇಲಿನದ್ದು ಒಂಟಿ ಎಲೆ, ಅದರ ಮೇಲಿನದ್ದರಿಂದ ಮೂರು ಮೂರರ ಲೆಕ್ಕ. ನಾವು ಕಟ್ಟು ಕಟ್ಟು ಕೊಂಡು ತಿಂದ ಸೊಪ್ಪು ಇದೇನಾ ಎಂದು ಆಗಲೇ ಗುರುತು ಹತ್ತುವುದು.

ಕೊತ್ತಂಬರಿ ಎಲ್ಲರನ್ನೂ ಕಾಯಿಸಿತು. ಒಂದು ಉರುಟು ಕಾಳಿನೊಳಗೆ ಎರಡು ಬೀಜ ಇರುತ್ತವೆ, ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿ ಹೋಳು ಮಾಡಿ ನೆನೆಸಿ ಬಿತ್ತಬೇಕು. ಆದರೂ ವಾರ ಕಳೆದೇ ಕಳೆಯುತ್ತದೆ, ಕೆಲವೊಮ್ಮೆ ಎರಡು ವಾರ. ಮಾಣಿ ದಿನಾ ಎದ್ದು ಮುಖ ತೊಳೆಯುವ ಮೊದಲೇ ಗೆರಟೆಯ ಮುಂದೆ. "ಇನ್ನೂ ಬಂಜಿಲ್ಲೆ ಅತ್ತೆ," ಎಂದು ವರದಿ. ಒಂದು ಬೆಳಗ್ಗೆ ಕಡ್ಡಿ ಹಿಡಿದು ಕೆದಕುತ್ತಿದ್ದ. ಕೆದಕಬೇಡ ಎನ್ನುವ ಮಾತು ನಾಲಿಗೆ ತುದಿಗೆ ಬಂದದ್ದು ನಿಜ. ಆದರೆ ನೆಲದಡಿಯಲ್ಲಿ ಏನೋ ನಡೆಯುತ್ತಿದೆ ಎಂದು ನಾವು ನಂಬುವುದು ಹಿಂದೆ ಹತ್ತಾರು ಸಲ ನೋಡಿದ್ದರಿಂದ. ಅವನು ಒಂದು ಸಲವೂ ನೋಡಿಲ್ಲ. ನೋಡದವನಿಗೆ ನಂಬು ಎನ್ನುವುದಕ್ಕಿಂತ ಒಂದು ಗೆರಟೆಯನ್ನು ಅವನ ಕೆದಕುವಿಕೆಗೇ ಬಿಟ್ಟುಕೊಡುವುದು ನ್ಯಾಯ. ಹಾಗೇ ಮಾಡಿದೆವು. ಕೆದಕುವ ಗೆರಟೆ ಒಂದು, ಮುಟ್ಟದ ಗೆರಟೆ ಇನ್ನೊಂದು. ಕೆದಕಿದ್ದರಲ್ಲಿ ಸಿಕ್ಕಿದ ಬಿಳಿ ಬೇರನ್ನು ಅವನು ಊರಿಗೆಲ್ಲ ತೋರಿಸಿದ. ಮುಟ್ಟದ್ದರಲ್ಲಿ ಕೊನೆಗೂ ಬಂದದ್ದು ಕೊತ್ತಂಬರಿಯ ಹೋಲಿಕೆಯೇ ಇಲ್ಲದ ಉದ್ದುದ್ದ ಎರಡು ಎಸಳು. "ಇದು ಹುಲ್ಲು," ಎಂದು ಕೂಸು ಕಿತ್ತೆಸೆಯಲು ಹೊರಟಿದ್ದಳು. ನಡುವಿನಿಂದ ಅಂಚು ಕತ್ತರಿಸಿದ ಬೀಸಣಿಗೆ ಎಲೆ ಬಂದ ಮೇಲೆ, ಅದನ್ನು ಚಿವುಟಿ ಮೂಸಿದ ಮೇಲೆ ಒಪ್ಪಿದಳು.

ಬೇಳೆಯ ಗೆರಟೆಯಲ್ಲಿ ಬೂಸ್ಟು. ಮೆಣಸಿನದ್ದು ಹಾಗೇ. ಉಪ್ಪಿನದ್ದಕ್ಕೆ ಮಾಣಿ ಇನ್ನೂ ನೀರು ಹಾಕುತ್ತಿದ್ದ.

ಅದೇ ದಿನಗಳಲ್ಲಿ ಒಂದು ಬೆಳಗ್ಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಎಣ್ಣೆ ಕಾದು ಸಾಸಿವೆ ಚಟಪಟ ಎನ್ನುವಾಗ ಕೂಸು ಬಾಗಿಲಲ್ಲಿ ನಿಂತು ಕೇಳಿದಳು: "ಅತ್ತೇ, ಹಂಗಾರೆ ಇದಕ್ಕೂ ಜೀವ ಇತ್ತಾ?"

ಇತ್ತು ಎಂದೆ. ಅವಳು ಅವಲಕ್ಕಿ ಬೇಡ ಎನ್ನಲಿಲ್ಲ, ತಟ್ಟೆ ಖಾಲಿ ಮಾಡಿದಳು. ಆದರೆ ಆ ಪ್ರಶ್ನೆ ಅಡುಗೆಮನೆಯಿಂದ ಹೋಗಲಿಲ್ಲ. ಉತ್ತರಕ್ಕೆ ಶಾಸ್ತ್ರದ ಮಾತುಗಳು ಬೇಕಾದಷ್ಟು ಇವೆ, ಅನ್ನ ಹೇಗೆ ದೇವರು ಎಂದು ಹೇಳಿ ಮುಗಿಸಬಹುದು. ಅದು ಅವಳ ಪ್ರಶ್ನೆಗೆ ಉತ್ತರ ಆಗುತ್ತಿರಲಿಲ್ಲ. ಮಕ್ಕಳ ಇಂಥ ಪ್ರಶ್ನೆಗೆ ಚೆಂದದ ಮಾತು ಹೊದಿಸುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಬೀಜ ತಿನ್ನುವುದೆಂದರೆ ಬರಬಹುದಾಗಿದ್ದ ಗಿಡವನ್ನು ತಿನ್ನುವುದು. ಅದನ್ನು ತಪ್ಪಿಸಿ ಯಾವ ಮನೆಯ ಒಲೆಯೂ ಉರಿಯುವುದಿಲ್ಲ. ಆದರೆ ಆ ಪ್ರಶ್ನೆಗೆ ಇನ್ನೊಂದು ಮಗ್ಗುಲು ಇದೆ ಎಂದು ನನಗೆ ನಿಧಾನಕ್ಕೆ ಕಂಡದ್ದು ತುಳಸಿಕಟ್ಟೆಯ ಹತ್ತಿರ.

ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಹಬ್ಬಕ್ಕೆ ನೆಲ್ಲಿಯ ಟೊಂಗೆ ನೆಟ್ಟು, ಕಬ್ಬು ಕಟ್ಟಿ, ದೀಪ ಇಟ್ಟ ಕಟ್ಟೆ ಹಬ್ಬ ಮುಗಿದ ಮೇಲೆ ಸ್ವಲ್ಪ ಸೊರಗಿ ಕಾಣುತ್ತದೆ. ಆ ಹೊತ್ತಿಗೆ ತುಳಸಿಯ ಕದಿರುಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಒಣಗಿದ ಕದಿರನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟನ್ನು ಉಫ್ ಎಂದು ಊದಿದರೆ ಉಳಿಯುವುದೇ ಬೀಜ. ಊದುವುದರಲ್ಲೂ ಹದ ಬೇಕು, ಜೋರಾದರೆ ಬೀಜವೂ ಹೋಯಿತು. ಕದಿರಿನ ಒಂದೊಂದು ಗೂಡಿನಲ್ಲಿ ನಾಲ್ಕು ನಾಲ್ಕು, ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣವು. ಮಣ್ಣಿನಡಿ ಹೂಳಿದರೆ ಇವು ಏಳುವುದಿಲ್ಲ. ಮೇಲೆ ಉದುರಿಸಿ ಅಂಗೈಯಿಂದ ಒತ್ತಿ, ನೀರನ್ನು ಹೊಯ್ಯದೆ ಬೆರಳಿನಿಂದ ಸಿಡಿಸಬೇಕು. ಸುತ್ತ ಅರಿಶಿನ ಉದುರಿಸದಿದ್ದರೆ ಇರುವೆಗಳು ಸಾಲು ಹಿಡಿದು ಬಂದು ಒಂದೊಂದನ್ನೇ ಹೊತ್ತುಕೊಂಡು ಹೋಗುತ್ತವೆ. ಅರಿಶಿನ ಹಾಕಿದರೂ ಹೋಗುವುದುಂಟು.

ಮಕ್ಕಳ ಅಜ್ಜಿ, ನನ್ನ ಆಯಿಯ ಕ್ರಮ ಬೇರೆ. ತುಳಸಿಯಲ್ಲಿ ಕದಿರು ಕಂಡರೆ ಚಿವುಟಿ ದೇವರಿಗೆ ಏರಿಸುವುದು. ಅದರಲ್ಲಿ ಭಕ್ತಿಯೂ ಇದೆ, ತೋಟದ ಬುದ್ಧಿಯೂ ಇದೆ. ಕದಿರು ಬಿಟ್ಟು ಬೀಜ ಕಟ್ಟಲು ತೊಡಗಿದ ತುಳಸಿ ಎಲೆ ಸಣ್ಣ ಮಾಡಿಕೊಳ್ಳುತ್ತದೆ, ಕಡ್ಡಿಯಾಗುತ್ತದೆ, ಬೇಗ ಮುಪ್ಪಾಗುತ್ತದೆ. ಚಿವುಟುತ್ತ ಇದ್ದರೆ ಕೆಲವು ವರ್ಷ ಹಸಿರಾಗಿ ನಿಲ್ಲುತ್ತದೆ. ಅಂದರೆ ಗಿಡ ಬಾಳಬೇಕಾದರೆ ಬೀಜದ ಆಸೆ ಬಿಡಬೇಕು, ಬೀಜ ಬೇಕಾದರೆ ಗಿಡವನ್ನು ಅದರ ಪಾಡಿಗೆ ಬಿಡಬೇಕು. ಎರಡೂ ಒಟ್ಟಿಗೆ ಇಲ್ಲ. ಆದ್ದರಿಂದಲೇ ಕಟ್ಟೆಯ ತುಳಸಿಯ ಕದಿರು ಚಿವುಟುವ ಆಯಿ, ಬಾವಿಯ ಹತ್ತಿರ ತಾನಾಗಿ ಹುಟ್ಟಿದ ತುಳಸಿಯನ್ನು ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಅಷ್ಟು ವರ್ಷ ನಾನು ಕೇಳಿರಲೂ ಇಲ್ಲ. "ಅದು ಬೀಜಕ್ಕೆ ಬಿಟ್ಟಿದ್ದು," ಎಂದು ಆಯಿ ಕೂಸಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

ಹಾಗೆ ನೋಡಿದರೆ ಡಬ್ಬಿಯಲ್ಲಿರುವ ಪ್ರತಿ ಸಾಸಿವೆಯೂ ಎಲ್ಲೋ ಒಬ್ಬರು ಸೊಪ್ಪಿಗೆಂದು ಕೀಳದೆ ಬಿಟ್ಟ ಗಿಡದ್ದು. ಕೊತ್ತಂಬರಿ ಕಾಳು, ಹಸಿರಾಗಿದ್ದಾಗ ಯಾರೂ ಕಟ್ಟು ಕಟ್ಟದೆ ಬಿಟ್ಟ ಗಿಡದ್ದು. ತಿನ್ನುವ ಕೈಯ ಹಿಂದೆ ತಿನ್ನದೆ ತಡೆದ ಕೈ ಒಂದು ಇದೆ. ನಮಗೆ ಡಬ್ಬಿ ಮಾತ್ರ ಕಾಣುತ್ತದೆ, ಆ ಕೈ ಕಾಣುವುದಿಲ್ಲ.

ಕರಾವಳಿಯ ಹಿತ್ತಲಿನಲ್ಲಿ ಇದನ್ನು ಮರೆಯಲು ಒಂದು ಕಾರಣವೂ ಇದೆ. ನಮ್ಮ ಸೊಪ್ಪು ಬಹಳಷ್ಟು ಬೀಜದ ಹಂಗಿಲ್ಲದ್ದು. ಸಾಂಬಾರಬಳ್ಳಿಯ ಒಂದು ತುಂಡು, ಬಸಳೆಯ ಒಂದು ಗೆಣ್ಣು, ಪೇಟೆಯ ಪುದೀನದ ಎಲೆ ಕಿತ್ತು ಉಳಿದ ಕಡ್ಡಿ ಹೇಗೆ ಚುಚ್ಚಿದರೂ ಹತ್ತಿಕೊಳ್ಳುತ್ತವೆ. ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ ತಾನೇ ಹಬ್ಬಿಕೊಂಡು ಹೋಗುತ್ತದೆ. ಭಟ್ಕಳದ ಮಲ್ಲಿಗೆಯೂ ಹಂಬಿನಿಂದಲೇ. ನೆಂಟರ ಮನೆಗೆ ಹೋದವರು ಬರುವಾಗ ಕೈಯಲ್ಲಿ ಒಂದು ಹಂಬು ಹಿಡಿದು ಬರುತ್ತಾರೆ. ಹೀಗೆ ಒಂದೇ ಗಿಡ ಹಿತ್ತಲಿನಿಂದ ಹಿತ್ತಲಿಗೆ ನಡೆಯುತ್ತಿರುತ್ತದೆ, ಹೊನ್ನಾವರದ ಅತ್ತೆಯ ಒಂದೆಲಗವೇ ಕುಮಟೆಯ ಸೊಸೆಯ ತಂಬುಳಿ. ಕೊಯ್ದಷ್ಟೂ ಚಿಗುರುವ ಗಿಡದ ಮುಂದೆ ತಡೆಯುವ ಪ್ರಶ್ನೆಯೇ ಬರುವುದಿಲ್ಲ. ಶ್ರಾವಣದಲ್ಲಿ ಕೊಂಕಣಿ ಮನೆಗಳ ಹೆಂಗಸರು ಚೂಡಿ ಪೂಜೆಗೆ ಗರಿಕೆ, ರತ್ನಗಂಧಿ, ಶಂಖಪುಷ್ಪ ಹುಡುಕುತ್ತ ಮಕ್ಕಳನ್ನು ಕರೆದುಕೊಂಡು ಬೇಲಿಬದಿ ತಿರುಗುವಾಗಲೂ ಅಷ್ಟೆ, ಮಳೆ ಕೊಟ್ಟದ್ದನ್ನು ಕೊಯ್ಯುವುದು.

ಬೀಜದಿಂದಲೇ ಬರುವುದರಲ್ಲಿ ಮಕ್ಕಳಿಗೆ ಬಹಳ ಹಿಡಿಸುವುದು ಕಾಮಕಸ್ತೂರಿ. ಭಟ್ಕಳದ ನವಾಯತ ಗೆಳತಿಯೊಬ್ಬಳ ಮನೆಯಿಂದ ಕೂಸಿಗೆ ಒಂದು ಪೊಟ್ಟಣ ಬಂತು. ಅವರಲ್ಲಿ ಅದು ಸಬ್ಜಾ, ರಮ್ಜಾನಿನ ಸಂಜೆ ಶರಬತ್ತಿಗೆ, ಫಾಲೂದಕ್ಕೆ ಹಾಕುವುದು. ಬಟ್ಟಲು ನೀರಿಗೆ ಒಂದು ಚಮಚ ಹಾಕಿ ಕೂತರೆ ಕಣ್ಣೆದುರೇ ಕರಿಯ ಕಾಳಿನ ಸುತ್ತ ಬೂದು ಬಿಳಿಯ ಲೋಳೆ ಉಬ್ಬಿ, ಬೇಯಿಸಿದ ಮೀನಿನ ಕಣ್ಣಿನ ಹಾಗೆ ಆಗುತ್ತದೆ. ನಾವು ಮೀನು ತಿನ್ನದ ಮನೆಯವರು. ಹೋಲಿಕೆ ಮಾಣಿಯದ್ದೂ ಅಲ್ಲ, ಪಕ್ಕದ ಮನೆಯಿಂದ ಆಡಲು ಬರುವ ಹುಡುಗನದ್ದು. ಆ ಲೋಳೆ ಶರಬತ್ತಿನ ತಂಪಿಗಾಗಿ ಹುಟ್ಟಿದ್ದಲ್ಲ. ಸಿಕ್ಕಿದ ನೀರನ್ನು ಬೀಜದ ಮೈಗೆ ಹಿಡಿದಿಟ್ಟುಕೊಳ್ಳುವುದು, ಬಿದ್ದ ಜಾಗಕ್ಕೆ ಅಂಟಿಕೊಳ್ಳುವುದು ಅದರ ಕೆಲಸ. ಅರ್ಧ ಬಟ್ಟಲು ಶರಬತ್ತಿಗೆ ಹೋಯಿತು, ಅರ್ಧ ಮಣ್ಣಿಗೆ. ವಾರದೊಳಗೆ ಮಣ್ಣಿನ ಪಾಲು ಹಸಿರಾಯಿತು.

ಬೀಜವನ್ನು ಹೀಗೆ ಹತ್ತಿರದಿಂದ ಬಲ್ಲವರು ನಮ್ಮ ಪಕ್ಕದಲ್ಲೇ ಇದ್ದರು. ಕುಮಟಾ ದಾಟಿದರೆ ಸಿಗುವ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು. ಹಾಲಕ್ಕಿ ಒಕ್ಕಲಿಗರ ಮನೆಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಎಳವೆಯಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದವರು. ಕಾಡಿನ ಯಾವ ಮರ ಯಾವ ಹೊತ್ತಿಗೆ ಬೀಜ ಬಿಡುತ್ತದೆ, ಯಾವುದು ಒಳ್ಳೆಯ ತಾಯಿಮರ, ಯಾವ ಬೀಜವನ್ನು ತಂದ ದಿನವೇ ಮಣ್ಣಿಗೆ ಹಾಕಬೇಕು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ನಮ್ಮ ಡಬ್ಬಿಯ ಬೀಜಗಳು ಒಣಗಿ ತಿಂಗಳುಗಟ್ಟಲೆ ಕಾಯುವ ಜಾತಿಯವು. ಘಟ್ಟದ ಎಷ್ಟೋ ಮರಗಳ ಬೀಜ ಕಾಯುವುದಿಲ್ಲ, ಹಲಸಿನ ಬೀಜವನ್ನೇ ನೋಡಿ, ಒಣಗಿತೆಂದರೆ ಮುಗಿಯಿತು. ಅಂಥವುಗಳ ಗಳಿಗೆ ಬಲ್ಲವರು ಬೇಕು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು, ಮರುವರ್ಷದ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ತಮ್ಮ ಎಂದಿನ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದುಹೋದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಪೇಪರಿನ ಚಿತ್ರ ನೋಡಿ ಮಾಣಿ ಕೇಳಿದ್ದು ಒಂದೇ, ಚಪ್ಪಲಿ ಯಾಕೆ ಹಾಕಿಲ್ಲ ಎಂದು. ನನ್ನ ತಲೆಯಲ್ಲಿ ಇದ್ದದ್ದು ತಾಯಿಮರ. ಕಾಡಿನಲ್ಲಿ ಒಳ್ಳೆಯ ಮರವೆಂದರೆ ಮೊದಲು ಕೊಡಲಿಯ ಕಣ್ಣು ಬೀಳುವ ಮರ. ಅದನ್ನೇ ಬೀಜಕ್ಕೆ ಗುರುತು ಮಾಡುವುದೆಂದರೆ, ಇದನ್ನು ಮುಟ್ಟಬೇಡಿ ಎಂದು ಹೇಳಿದ ಹಾಗೇ.

ಹಿತ್ತಲಿನಲ್ಲೂ ಅದೇ ಕಟ್ಟಳೆ ಇತ್ತು. ಬೆಂಡೆಯ ಸಾಲಿನಲ್ಲಿ ಚೆಂದದ ಕಾಯಿಯನ್ನೇ ಕೊಯ್ಯದೆ ಗಿಡದಲ್ಲಿ ಒಣಗಲು ಬಿಡುವುದು. ಸೌತೆ, ಮೊಗೆಕಾಯಿಯಲ್ಲಿ ದೊಡ್ಡದನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕುವುದು. ಬೀಜ ತೆಗೆದು ಬೂದಿ ಹಚ್ಚುವುದು, ಸಗಣಿಗೆ ಅಂಟಿಸಿ ಗೋಡೆಗೆ ತಟ್ಟುವುದು. ಕೆಟ್ಟ ಕಾಯಿ ಸಾಂಬಾರಿಗೆ, ಒಳ್ಳೆಯದು ಮುಂದಿನ ವರ್ಷಕ್ಕೆ. ನಾಲಿಗೆಗೆ ಇದು ಕಷ್ಟದ ಕಟ್ಟಳೆ. ಕುಮಟಾದ ಮಾಣಿಕಟ್ಟೆಯ ಗಜನಿ ಗದ್ದೆಗಳಲ್ಲಿ ಅಘನಾಶಿನಿಯ ಉಪ್ಪುನೀರನ್ನು ತಾಳಿಕೊಂಡು ನಿಲ್ಲುವ ಕಗ್ಗ ಭತ್ತ ಇಂದಿಗೂ ಉಳಿದಿರುವುದು ಬೆಳೆದವರು ಬೀಜದ ಪಾಲನ್ನು ಮೊದಲೇ ತೆಗೆದಿಟ್ಟದ್ದರಿಂದ. ಬೇಸಗೆಯಲ್ಲಿ ಅಳ್ವೆಕೋಡಿಯ ಹೆದ್ದಾರಿ ಬದಿಗೆ ಗೊಂಚಲು ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿ ನೋಡಿದಾಗಲೂ ಈಗ ನೆನಪಾಗುವುದು ಇದೇ. ಈರುಳ್ಳಿಗೆ ಬೀಜ ಬೇಕಾದರೆ ಒಂದು ಗಡ್ಡೆಯನ್ನು ತಿನ್ನದೆ ಮತ್ತೆ ನೆಲಕ್ಕೆ ಹಾಕಿ ಹೂ ಬಿಡಿಸಬೇಕು. ಆ ಬೀಜವೂ ವರ್ಷಕ್ಕಿಂತ ಹೆಚ್ಚು ಬಾಳುವುದು ಕಷ್ಟ, ನಮ್ಮ ತೇವದ ಹವೆಯಲ್ಲಂತೂ ಇನ್ನೂ ಕಷ್ಟ.

ಕೂಸಿಗೆ ಒಂದು ಸಂಜೆ ರಷ್ಯಾದ ಲೆನಿನ್‌ಗ್ರಾಡಿನ ಸಂಗತಿ ಹೇಳಿದೆ. ಮಾಣಿ ಮಲಗಿದ ಮೇಲೆ, ಅವನಿಗೆ ಇದು ಬೇಡ. 1941ರ ಸೆಪ್ಟೆಂಬರಿನಿಂದ 1944ರ ಜನವರಿವರೆಗೆ ಜರ್ಮನ್ ಸೈನ್ಯ ಆ ನಗರವನ್ನು ಸುತ್ತುವರಿದ ಕಾಲ. ಸಸ್ಯವಿಜ್ಞಾನಿ ನಿಕೊಲಾಯ್ ವವಿಲೊವ್ ಜಗತ್ತೆಲ್ಲ ತಿರುಗಿ ಕೂಡಿಹಾಕಿದ ಬೀಜಗಳ ಭಂಡಾರ ಅಲ್ಲಿತ್ತು. ವವಿಲೊವ್ ಸ್ವತಃ ತನ್ನದೇ ಸರಕಾರದ ಜೈಲಿನಲ್ಲಿದ್ದ, 1943ರ ಜನವರಿಯಲ್ಲಿ ಸರಾತೊವ್ ಜೈಲಿನಲ್ಲೇ ಸತ್ತ. ಊರಿಗೆ ಊರೇ ಹಸಿವಿನಿಂದ ಸಾಯುತ್ತಿದ್ದಾಗ ಭಂಡಾರ ಕಾದವರು ಅದರಿಂದ ತಿನ್ನಲಿಲ್ಲ. ಭತ್ತದ ತಳಿಗಳ ಹೊಣೆ ಹೊತ್ತಿದ್ದ ದ್ಮಿತ್ರಿ ಇವಾನೊವ್ ಅನ್ನವಿಲ್ಲದೆ ಸತ್ತಾಗ ಸುತ್ತ ಸಾವಿರಾರು ಪೊಟ್ಟಣ ಭತ್ತ ಇತ್ತು.

ಕೂಸು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಮುಷ್ಟಿ ತಿಂದಿದ್ರೆ ಎಂತ ಆಗ್ತಿತ್ತು?" ಎಂದಳು.

ಏನೂ ಆಗುತ್ತಿರಲಿಲ್ಲವೇನೋ. ಒಂದು ಮುಷ್ಟಿಯ ಜಾಗದಲ್ಲಿ ಮುಷ್ಟಿಯಷ್ಟು ಕಡಿಮೆ ಇರುತ್ತಿತ್ತು. ಅಥವಾ ಆ ಒಂದು ಮುಷ್ಟಿಯೇ ಕೊನೆಯದಾಗಿದ್ದ ಯಾವುದೋ ತಳಿ ಇರುತ್ತಿರಲಿಲ್ಲ. ಅವರು ಮಾಡಿದ್ದು ಸರಿ ಎಂದು ಮಗುವಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಸಾಯುವವರ ಪಕ್ಕದಲ್ಲಿ ಬೀಜ ಇಟ್ಟುಕೊಂಡು ಸರಿತಪ್ಪು ಹೇಳುವುದು ಹೊಟ್ಟೆ ತುಂಬಿದವರ ಕೆಲಸ. ಅವರು ತಡೆದರು ಎಂದಷ್ಟೇ ಹೇಳಿದೆ. ಒಗ್ಗರಣೆಯ ದಿನ ಅವಳು ಕೇಳಿದ ಪ್ರಶ್ನೆಗೂ ಇದಕ್ಕೂ ನಂಟಿದೆ ಎಂದು ನಾನು ಬಿಡಿಸಿ ಹೇಳಲಿಲ್ಲ. ಮರುದಿನ ಅವಳು ಕೊತ್ತಂಬರಿಯ ಹತ್ತಿರ ಹೋಗಿ ಎಣಿಸುತ್ತಿದ್ದುದನ್ನು ನೋಡಿದೆ.

ಕೊತ್ತಂಬರಿ ಆ ಹೊತ್ತಿಗೆ ಗೇಣು ಮೀರಿತ್ತು. ಮೊದಲ ಕೊಯ್ಲಿನ ಬೆಳಗ್ಗೆ ಆಯಿ ಸಣ್ಣ ಮೆಟ್ಟುಗತ್ತಿಯ ಹತ್ತಿರ ತೆಂಗಿನ ತುರಿ ಇಟ್ಟುಕೊಂಡು ಕಾಯುತ್ತಿದ್ದಳು. ಕೂಸು ಬಾಳೆನಾರು ಸೀಳಿಕೊಂಡು ಬಂದು ಗಿಡ ಗಿಡಕ್ಕೆ ಕಟ್ಟಲು ಶುರುಮಾಡಿದಳು, ಬೀಜಕ್ಕೆ ಬಿಟ್ಟಿದ್ದೆಂಬ ಗುರುತಿಗೆ. ಒಂದು, ಎರಡು, ಐದು, ಎಂಟು. ಮಾಣಿಯೂ ಸೇರಿಕೊಂಡ.

"ಎಲ್ಲದಕ್ಕೂ ನಾರು ಕಟ್ಟಿರೆ ಮಧ್ಯಾಹ್ನಕ್ಕೆ ಎಂತ ಮಾಡವು?" ಎಂದಳು ಆಯಿ.

"ಪೇಟೆಯಿಂದ ತರಿಸು ಅಜ್ಜಿ."

"ಪೇಟೆಯವ ಎಲ್ಲಿಂದ ತರ್ತಾ? ಅವನೂ ನಾರು ಕಟ್ಟಿದ್ರೆ?"

ಇದಕ್ಕೆ ಕೂಸಿನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ. ಅಜ್ಜಿ ಮೊಮ್ಮಗಳ ನಡುವೆ ಚೌಕಾಸಿ ನಡೆಯಿತು. ಸಣಕಲು ಗಿಡಗಳನ್ನೆಲ್ಲ ಬೀಜಕ್ಕೆ ಬಿಟ್ಟು ಕೊಬ್ಬಿದ್ದನ್ನು ಕೊಯ್ಯುವುದು ಎಂದು ಮಾಣಿ ತೀರ್ಪು ಕೊಟ್ಟ. ಆಗದು, ಉಲ್ಟಾ ಮಾಡವು ಎಂದು ಆಯಿ ಎರಡು ಒಳ್ಳೆಯ ಗಿಡಗಳ ನಾರನ್ನು ತಾನೇ ಬಿಗಿಮಾಡಿ, ಸಣಕಲಿನವುಗಳ ನಾರು ಬಿಚ್ಚಿದಳು. ಕೊನೆಗೆ ಉಳಿದವು ಆರು. ಬಾಕಿಯದ್ದು ಆ ದಿನದ ಚಟ್ನಿಗೆ ಆಯಿತು, ಒಳ್ಳೆಯ ಚಟ್ನಿ.

ಮಾಘದ ಬಿಸಿಲಿಗೆ ಆ ಆರು ಗಿಡ ಎತ್ತರಕ್ಕೆ ಹೋಗಿ ಎಲೆ ನೂಲಾಯಿತು. ಹೂ ಬಂತು. ಕೊತ್ತಂಬರಿ ಹೂವನ್ನು ಹತ್ತಿರದಿಂದ ನೋಡಿದವರು ಕಡಿಮೆ. ಗೊಂಚಲಿನ ಹೊರಸಾಲಿನ ಹೂಗಳ ಹೊರಮುಖದ ಎಸಳು ಮಾತ್ರ ದೊಡ್ಡದು, ಒಳಗಿನವು ಚಿಕ್ಕವು, ಹೀಗಾಗಿ ಇಡೀ ಗೊಂಚಲು ಒಂದೇ ಹೂವಾಗಿ ಹುಳುಗಳನ್ನು ಕರೆಯುತ್ತದೆ. ಸಣ್ಣ ಜೇನು, ನೊಣ ಎಲ್ಲ ಬಂದವು. ಕಾಳು ಹಸಿರಿರುವಾಗ ಸೊಪ್ಪಿನ ವಾಸನೆ, ಒಣಗಿದಾಗ ಸಾರಿನ ಪುಡಿಯ ವಾಸನೆ. ನಡುವೆ ಎಲ್ಲೋ ಅದು ಬದಲಾಗುವ ದಿನ ಯಾವುದೆಂದು ಹಿಡಿಯಲು ಕೂಸು ದಿನಾ ಒಂದು ಕಾಳು ಜಜ್ಜಿ ಮೂಸುತ್ತಿದ್ದಳು; ಹಾಗೆ ಜಜ್ಜಿಯೇ ಅರ್ಧ ಮುಗಿಸಿದಳು. ಉಳಿದದ್ದು ಒಂದು ಹಿಡಿ. ಕಾಳು ಸಣ್ಣ, ಆದರೆ ಪೇಟೆಯದಕ್ಕಿಂತ ವಾಸನೆ ಹೆಚ್ಚು ಎಂದು ಆಯಿ ಬಂದವರಿಗೆಲ್ಲ ಹೇಳುತ್ತಾಳೆ. ನನಗೆ ಹಾಗೇನೂ ಅನ್ನಿಸಲಿಲ್ಲ. ಮಾಣಿ ತನ್ನ ಪಾಲನ್ನು ಬೇರೆ ಇಡಬೇಕೆಂದು ಹಟ ಹಿಡಿದು, ಪಕ್ಕದ ಮನೆಯ ಹುಡುಗನಿಗೆ ಗೋಲಿಗೆ ಬದಲಾಗಿ ಮಾರಿಬಿಟ್ಟ. ಅವರ ಮನೆಯಲ್ಲಿ ಅದು ಮೀನಿನ ಮಸಾಲೆಗೆ ಹೋಯಿತೋ, ಗೆರಟೆಗೆ ಹೋಯಿತೋ ದೀಪಾವಳಿಯ ನಂತರ ಕೇಳಬೇಕು.